ಕಾಮಗಾರಿ ಲಾಭ ಕಂಪ್ಯೂಟರ್ ಹೇಳುತ್ತಾ? ಸರಿ, ಬಿಲ್ಲು ಯಾವಾಗ ಬರುತ್ತೆ ಅಂತ ಹೇಳೋರು ಯಾರು?

ಶಿವಮೊಗ್ಗ: ರವೀಂದ್ರನಗರದ ಯಾವುದೋ ಒಂದು ಕ್ರಾಸ್‌ನಲ್ಲಿ ಮನೆ ಕೆಲಸ ಶುರುವಾಗ್ತಿದೆ ಅಂತ ಇಟ್ಟುಕೊಳ್ಳಿ. ಸೈಟ್ ಮಾಲೀಕರು ಪ್ಲ್ಯಾನ್ ಹಿಡ್ಕೊಂಡು ನಿಂತಿರ್ತಾರೆ. ಮೇಸ್ತ್ರಿ ಅದನ್ನ ಒಂದು ಸಲ ನೋಡ್ತಾರೆ, ಹೆಜ್ಜೆ ಹಾಕಿ ಉದ್ದಗಲ ಅಳೀತಾರೆ, ಟಿಪ್ಪರ್ ಒಳಗೆ ಬರುತ್ತಾ ಅಂತ ರಸ್ತೆ ಕಡೆ ಒಂದು ಕಣ್ಣು ಹಾಕ್ತಾರೆ. ಆಮೇಲೆ ‘ಚದರಕ್ಕೆ ಇಷ್ಟಾಗುತ್ತೆ ಸಾರ್’ ಅಂತ ಒಂದು ಮೊತ್ತ ಹೇಳ್ತಾರೆ. ಆ ಮೊತ್ತದೊಳಗೆ ಅವರ ಲಾಭವೂ ಸೇರಿರುತ್ತೆ. ಲೆಕ್ಕ ತೋರಿಸಿ ಅಂದ್ರೆ ಕಾಗದ ಇರಲ್ಲ. ಇಪ್ಪತ್ತು ಮೂವತ್ತು ವರ್ಷದಿಂದ ಕಟ್ಟಿದ ಮನೆಗಳೇ ಆ ಲೆಕ್ಕ.

ಈ ಕೆಲಸವನ್ನೇ ಈಗ ಕಂಪ್ಯೂಟರ್ ಮಾಡುತ್ತೆ ಅನ್ನುವ ಮಾತು ಬಂದಿದೆ. ಹಳೇ ಕಾಮಗಾರಿಗಳ ಲೆಕ್ಕ ಕೊಟ್ಟರೆ ಸಾಕು, ಹೊಸ ಟೆಂಡರ್‌ನಲ್ಲಿ ಎಷ್ಟು ಲಾಭ ಉಳಿಯುತ್ತೆ, ನಷ್ಟ ಆಗುತ್ತಾ ಅಂತ ಕೆಲಸ ಶುರುವಾಗೋ ಮೊದಲೇ ‘ಮಷೀನ್ ಲರ್ನಿಂಗ್’ ಹೇಳುತ್ತೆ ಅಂತಾರೆ. ದೇಶದ ತುಂಬ ನೂರಾರು ಕಾಮಗಾರಿ ನಡೆಸುವ ದೊಡ್ಡ ಕಂಪನಿಗಳಿಗೆ ಇದು ಕೈಗೆಟಕುವ ಸಾಧನ. ಶಿವಮೊಗ್ಗ, ಭದ್ರಾವತಿಯಲ್ಲಿ ಚರಂಡಿ, ಕಾಂಕ್ರೀಟ್ ರಸ್ತೆ, ಅಂಗನವಾಡಿ ಕಟ್ಟಡ ಮಾಡಿಸೋ ಗುತ್ತಿಗೆದಾರರಿಗೆ ಇದರಿಂದ ಏನು? ಅವರಿಗೆ ಸಿಮೆಂಟ್, ಕಬ್ಬಿಣ ಉದ್ರಿ ಕೊಡುವ ಅಂಗಡಿಯವರಿಗೆ ಏನು? ಈ ಎರಡನೇ ಪ್ರಶ್ನೆ ಯಾರೂ ಕೇಳ್ತಿಲ್ಲ. ನಮ್ಮ ಊರಿಗೆ ಅದೇ ಮುಖ್ಯ.

ಏನಿದು, ಹೇಗೆ ಲೆಕ್ಕ ಹಾಕುತ್ತೆ?

ಮಂತ್ರ ಏನೂ ಇಲ್ಲ. ಒಂದು ದೊಡ್ಡ ಲೆಡ್ಜರ್ ಕಲ್ಪಿಸಿಕೊಳ್ಳಿ. ಮುಗಿದ ಒಂದೊಂದು ಕಾಮಗಾರಿಗೂ ಒಂದೊಂದು ಸಾಲು. ಅಂದಾಜು ಎಷ್ಟಿತ್ತು, ಎಷ್ಟು ‘ಬಿಲೋ’ ಹಾಕಿ ಟೆಂಡರ್ ಹಿಡಿದ್ರು, ಎಷ್ಟು ಜನ ಪೈಪೋಟಿಗಿದ್ರು, ಯಾವ ಇಲಾಖೆ, ವರ್ಕ್ ಆರ್ಡರ್ ಸಿಕ್ಕಿದ್ದು ಯಾವ ತಿಂಗಳು, ಕ್ರಷರ್‌ನಿಂದ ಸೈಟ್ ಎಷ್ಟು ದೂರ, ಆಗ ಸಿಮೆಂಟ್ ಚೀಲಕ್ಕೆ ಎಷ್ಟಿತ್ತು, ಕಬ್ಬಿಣ ಟನ್‌ಗೆ ಎಷ್ಟಿತ್ತು ಅನ್ನೋದೆಲ್ಲ ಕಾಲಂಗಳು. ಕಟ್ಟಕಡೆಯ ಕಾಲಂ ಲಾಭ. ಯಾವ ಯಾವ ಕಾಲಂ ಹೇಗಿದ್ದಾಗ ಕೊನೆ ಕಾಲಂ ಏರುತ್ತೆ, ಇಳಿಯುತ್ತೆ ಅಂತ ಕಂಪ್ಯೂಟರ್ ಈ ಸಾಲುಗಳಲ್ಲಿ ಹುಡುಕುತ್ತೆ. ಹೊಸ ಟೆಂಡರ್ ಬಂದಾಗ ಕೊನೆ ಕಾಲಂ ಖಾಲಿ ಬಿಟ್ಟು ಉಳಿದದ್ದು ತುಂಬಿದರೆ, ಖಾಲಿ ಜಾಗಕ್ಕೆ ಒಂದು ಸಂಖ್ಯೆ ಕೊಡುತ್ತೆ.

ಇದರಲ್ಲಿ ಹೆಚ್ಚು ಬಳಕೆಯಲ್ಲಿರೋ ಒಂದು ವಿಧಾನದ ಹೆಸರು ‘ರ‍್ಯಾಂಡಮ್ ಫಾರೆಸ್ಟ್’. ನೂರು ಜನ ಮೇಸ್ತ್ರಿಗಳನ್ನ ಕರೆದು, ಒಬ್ಬೊಬ್ಬರಿಗೂ ಲೆಡ್ಜರ್‌ನ ಬೇರೆ ಬೇರೆ ಹಾಳೆ ತೋರಿಸಿ, ಅವರವರ ಅಂದಾಜು ಕೇಳಿ, ಸರಾಸರಿ ತೆಗೆದ ಹಾಗೆ. ಒಬ್ಬ ತಪ್ಪಿದರೆ ಇನ್ನೊಬ್ಬ ಸರಿದೂಗಿಸ್ತಾನೆ ಅನ್ನೋ ನಂಬಿಕೆ.

ಮೊದಲ ತೊಡಕು ಇಲ್ಲೇ ಇದೆ. ನಮ್ಮ ಒಬ್ಬ ಸ್ಥಳೀಯ ಗುತ್ತಿಗೆದಾರ ವರ್ಷಕ್ಕೆ ಆರು ಕೆಲಸ ಮಾಡ್ತಾರೆ ಅಂದುಕೊಂಡ್ರೂ ಹತ್ತು ವರ್ಷಕ್ಕೆ ಅರವತ್ತು ಸಾಲು. ಕಾಲಂಗಳೇ ಇಪ್ಪತ್ತು ಮೂವತ್ತು. ಇಷ್ಟು ಕಡಿಮೆ ಸಾಲು ಕೊಟ್ಟರೆ ಯಂತ್ರ ಕಲಿಯಲ್ಲ, ಬಾಯಿಪಾಠ ಮಾಡುತ್ತೆ. ಎಸ್ಸೆಸ್ಸೆಲ್ಸಿ ಹುಡುಗ ಗೈಡ್‌ನಲ್ಲಿರೋ ಪ್ರಶ್ನೆಗೆ ಪಟಪಟ ಉತ್ತರ ಬರೆದು, ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಸುಮ್ಮನೆ ಕೂರ್ತಾನಲ್ಲ, ಹಾಗೆ. ಅದಕ್ಕೇ ಗೊತ್ತಿರೋರು ಒಂದಷ್ಟು ಸಾಲು ಬಚ್ಚಿಟ್ಟು, ಕಲಿಸಿದ ಮೇಲೆ ಅದರಲ್ಲೇ ಪರೀಕ್ಷೆ ಮಾಡ್ತಾರೆ. ಯಾರಾದರೂ ಲ್ಯಾಪ್‌ಟಾಪ್ ತಂದು ‘ನಮ್ಮ ಸಾಫ್ಟ್‌ವೇರ್ ಶೇ. 95ರಷ್ಟು ಕರೆಕ್ಟ್’ ಅಂದ್ರೆ, ಬಚ್ಚಿಟ್ಟ ಸಾಲುಗಳ ಮೇಲೋ, ತೋರಿಸಿದ ಸಾಲುಗಳ ಮೇಲೋ ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಕಾಫಿ ಕುಡಿಸಿ ಕಳಿಸಿ.

ಲಾಭ ಅಂದ್ರೆ ಯಾವ ಲಾಭ?

ದೊಡ್ಡ ತೊಡಕು ಆ ಕೊನೆ ಕಾಲಂನಲ್ಲಿದೆ. ಗುತ್ತಿಗೆದಾರರ ನಿಜವಾದ ಲಾಭ ಎಲ್ಲಿ ಬರೆದಿರುತ್ತೆ?

ಎಸ್ಟಿಮೇಟ್‌ನಲ್ಲಿ ಒಂದು ಲಾಭ ಇದೆ. ಸರ್ಕಾರಿ ದರಪಟ್ಟಿ ತಯಾರಿಸುವಾಗಲೇ ಗುತ್ತಿಗೆದಾರರ ಪಾಲು ಅಂತ ಸೇರಿಸ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಲಾಭ ಮತ್ತು ಮೇಲ್ವೆಚ್ಚ ಎರಡೂ ಸೇರಿ ಶೇ. 15. ಟೆಂಡರ್‌ನಲ್ಲಿ ಶೇ. 15 ಬಿಲೋ ಹಾಕಿದ ಕ್ಷಣಕ್ಕೆ ಆ ಲಾಭ ಕಾಗದದಲ್ಲೂ ಉಳಿಯಲ್ಲ.

ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಇನ್ನೊಂದು ಲಾಭ ಇದೆ. 1961ರ ಕಾಯ್ದೆಯ 44ಎಡಿ ಕಲಂ ಗೊತ್ತಿಲ್ಲದ ಗುತ್ತಿಗೆದಾರರು ಕಡಿಮೆ. 1994ರಲ್ಲಿ ಇದನ್ನು ತಂದಿದ್ದೇ ಸಿವಿಲ್ ಗುತ್ತಿಗೆದಾರರಿಗೋಸ್ಕರ. ಆಗ 40 ಲಕ್ಷದವರೆಗಿನ ವಹಿವಾಟಿಗೆ ಶೇ. 8 ಲಾಭ ಅಂತ ಒಪ್ಪಿಕೊಂಡರೆ ಲೆಕ್ಕಪುಸ್ತಕ ಇಡಬೇಕಾಗಿರಲಿಲ್ಲ. ಮುಂದೆ ಇದು ಬೇರೆ ವ್ಯಾಪಾರಗಳಿಗೂ ಬಂತು, ವಹಿವಾಟಿನ ಮಿತಿ ಏರಿತು, ಬ್ಯಾಂಕ್ ಮೂಲಕ ಬರುವ ಹಣಕ್ಕೆ ಶೇ. 6 ಆಯಿತು. ಸಣ್ಣೋರಿಗೆ ಅನುಕೂಲದ ನಿಯಮ, ತಪ್ಪೇನಿಲ್ಲ. ಆದ್ರೆ ಇದರ ಅರ್ಥ ಏನು? ಮಷೀನ್ ಲರ್ನಿಂಗ್ ಬರೋಕೆ ಮೊದಲೇ ಸರ್ಕಾರ ಎಲ್ಲ ಸಣ್ಣ ಗುತ್ತಿಗೆದಾರರ ಲಾಭವನ್ನೂ ಒಂದೇ ಸಂಖ್ಯೆಯಲ್ಲಿ ಊಹಿಸಿಬಿಟ್ಟಿದೆ. ಆ ವರ್ಷ ಶೇ. 20 ಉಳಿದಿರಲಿ, ಕೈಯಿಂದ ಹೋಗಿರಲಿ, ಬಹಳಷ್ಟು ರಿಟರ್ನ್ಸ್‌ನಲ್ಲಿ ಕಾಣೋದು ಆರೋ ಎಂಟೋ ಮಾತ್ರ.

ಈ ರಿಟರ್ನ್ಸ್‌ಗಳನ್ನ ಕೊಟ್ಟು ‘ಲಾಭ ಊಹಿಸು’ ಅಂದ್ರೆ ಯಂತ್ರ ಏನು ಕಲಿಯುತ್ತೆ? ಎಂಟು ಅಂತ ಹೇಳೋದು ಕಲಿಯುತ್ತೆ. ಆ ಲೆಕ್ಕದಲ್ಲಿ ಅದು ಯಾವಾಗಲೂ ಕರೆಕ್ಟೇ!

ಇನ್ನು ಯಾವ ಕಾಲಂನಲ್ಲೂ ಬರೆಯದ ಖರ್ಚು ಬೇರೆ ಇದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಆಗಿನ ಅಧ್ಯಕ್ಷ ಡಿ. ಕೆಂಪಣ್ಣ ಅವರು ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೇಳ್ತಾರೆ ಅಂತ ಆರೋಪ ಮಾಡಿದ್ದು ರಾಜ್ಯಕ್ಕೆಲ್ಲ ಗೊತ್ತು. ಇದರ ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಆರೋಪ ಎಷ್ಟು ನಿಜ ಅನ್ನೋ ಚರ್ಚೆ ಇಲ್ಲಿ ಬೇಡ. ಇಲ್ಲಿಗೆ ಬೇಕಾದ ಮಾತು ಇಷ್ಟೇ: ರಸೀದಿ ಇಲ್ಲದ ಖರ್ಚನ್ನು ಯಾವ ಸಾಫ್ಟ್‌ವೇರೂ ಓದಲ್ಲ.

40 ಲಕ್ಷದ ಒಂದು ಚರಂಡಿ ಕೆಲಸ

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಮಾಡಿಕೊಂಡ ಲೆಕ್ಕ, ಯಾವ ನಿಜವಾದ ಕಾಮಗಾರಿಯದ್ದೂ ಅಲ್ಲ. ಜಿಎಸ್‌ಟಿ ಬಿಟ್ಟು 40 ಲಕ್ಷ ರೂ. ಮೊತ್ತದ ಚರಂಡಿ ಮತ್ತು ಕಾಂಕ್ರೀಟ್ ರಸ್ತೆ ಕೆಲಸ. ಸಾಮಗ್ರಿ 22 ಲಕ್ಷ, ಕೂಲಿ 9 ಲಕ್ಷ, ಜೆಸಿಬಿ-ಟಿಪ್ಪರ್ 3 ಲಕ್ಷ, ಶೇ. 1 ಕಾರ್ಮಿಕ ಸೆಸ್ ಸೇರಿ ಇತರೆ 1.2 ಲಕ್ಷ. ಒಟ್ಟು ಖರ್ಚು 35.2 ಲಕ್ಷ. ಉಳಿಯೋದು 4.8 ಲಕ್ಷ, ಅಂದ್ರೆ ಶೇ. 12. ಒಳ್ಳೇ ಕೆಲಸ ಅಂತ ಯಾರಾದರೂ ಹೇಳ್ತಾರೆ. ಕಂಪ್ಯೂಟರೂ ಹೇಳುತ್ತೆ.

ಈಗ ಒಳಗೆ ನೋಡಿ. 35.2 ಲಕ್ಷದಲ್ಲಿ 30 ಲಕ್ಷ ಬೇರೆಯವರ ದುಡ್ಡು ಅಂತ ಇಟ್ಟುಕೊಳ್ಳಿ. ಸಿಮೆಂಟ್-ಕಬ್ಬಿಣದ ಅಂಗಡಿ ಉದ್ರಿ, ಬ್ಯಾಂಕ್ ಓಡಿ, ಕೈಸಾಲ ಎಲ್ಲಾ ಸೇರಿ. ನೂರಕ್ಕೆ ಒಂದೂವರೆ ಬಡ್ಡಿ ಹಿಡಿದರೆ ತಿಂಗಳಿಗೆ 45 ಸಾವಿರ. ಕೆಲಸ ಮುಗಿದು ಮೂರು ತಿಂಗಳಿಗೆ ಬಿಲ್ಲು ಬರುತ್ತೆ, ಅಲ್ಲೀವರೆಗಿನ ಬಡ್ಡಿಯನ್ನ ರೇಟ್‌ನಲ್ಲೇ ಹೊಂದಿಸಿದ್ದಾಗಿದೆ ಅಂದುಕೊಳ್ಳೋಣ. ಬಿಲ್ಲು ಮೂರು ತಿಂಗಳ ಬದಲು ಹದಿಮೂರು ತಿಂಗಳಿಗೆ ಬಂತು. ಹತ್ತು ತಿಂಗಳು ಹೆಚ್ಚುವರಿ, ನಾಲ್ಕೂವರೆ ಲಕ್ಷ. 4.8 ಲಕ್ಷದಲ್ಲಿ ಈಗ ಉಳಿದಿದ್ದು 30 ಸಾವಿರ. ಇನ್ನೊಂದು ತಿಂಗಳು ತಡವಾದ್ರೆ ನಷ್ಟ.

ಇಲ್ಲಿ ಸಿಮೆಂಟ್ ರೇಟ್ ಏರಿಲ್ಲ, ಕೂಲಿ ಏರಿಲ್ಲ, ಮಳೆ ಬಂದು ಕೆಲಸ ನಿಂತಿಲ್ಲ. ಎಂಬಿ ಪುಸ್ತಕದಲ್ಲಿ ಅಳತೆ ಬರೆದಾಗಿದೆ. ಎಲ್‌ಒಸಿ ಬರಲಿಲ್ಲ, ಅಷ್ಟೇ.

ಇನ್ನೂ ಒಂದು ಸಂಗತಿ. ಆ ಮೂವತ್ತು ಲಕ್ಷದಲ್ಲಿ ಹನ್ನೆರಡು ಲಕ್ಷ ಅಂಗಡಿಯವರ ಉದ್ರಿ ಆಗಿದ್ದರೆ, ಹಳೇ ಪರಿಚಯ ಅಂತ ಅವರು ಬಡ್ಡಿ ಹಾಕದೇ ಹೋದರೆ, ಗುತ್ತಿಗೆದಾರರ ಲೆಕ್ಕ ಸ್ವಲ್ಪ ಹಗುರ ಆಗುತ್ತೆ. ಭಾರ ಎಲ್ಲಿ ಹೋಯ್ತು? ಅಂಗಡಿಗೆ. ಅಂಗಡಿಯವರು ಕಂಪನಿಗೆ ದುಡ್ಡು ಮೊದಲೇ ಕಟ್ಟಿರ್ತಾರೆ, ಓಡಿ ಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದ್ರೂ ಹತ್ತು ತಿಂಗಳಿಗೆ 1.2 ಲಕ್ಷ. ಚೀಲಕ್ಕೆ ಕೆಲವೇ ರೂಪಾಯಿ ಉಳಿಯೋ ವ್ಯಾಪಾರದಲ್ಲಿ ಎಷ್ಟು ಚೀಲ ಮಾರಿದ್ರೆ ಆ ಹಣ ವಾಪಸ್ ಬರುತ್ತೆ ಅಂತ ಅಂಗಡಿಯವರೇ ಲೆಕ್ಕ ಹಾಕಿಕೊಳ್ಳಲಿ. ಸರ್ಕಾರ ಬಿಲ್ಲು ತಡ ಮಾಡಿದಾಗ ಆ ಕಾಮಗಾರಿಗೆ ಸಾಲ ಕೊಟ್ಟಿರೋದು ಬ್ಯಾಂಕ್ ಅಲ್ಲ, ಹಾರ್ಡ್‌ವೇರ್ ಅಂಗಡಿ.

ಹಾಗಾಗಿ ನಮ್ಮ ಕಡೆಯ ಸಣ್ಣ ಸರ್ಕಾರಿ ಕಾಮಗಾರಿಗಳಲ್ಲಿ ಲಾಭ ಊಹಿಸೋದು ಅಂದ್ರೆ ಬಿಲ್ಲು ಬರುವ ದಿನ ಊಹಿಸೋದು. ಗುತ್ತಿಗೆದಾರರ ಸಂಘ ವರ್ಷಗಳಿಂದ ಕೇಳ್ತಿರೋದೂ ಇದನ್ನೇ: ಬಾಕಿ ಬಿಲ್ಲುಗಳನ್ನ ಜ್ಯೇಷ್ಠತೆ ಪ್ರಕಾರ, ಮೊದಲು ಮುಗಿದ ಕೆಲಸಕ್ಕೆ ಮೊದಲು ಅಂತ ಕೊಡಿ ಅಂತ. ಸಾಲು ಗೊತ್ತಿದ್ದರೆ ಸರದಿ ಗೊತ್ತಾಗುತ್ತೆ. ಸರದಿ ಗೊತ್ತಾದ್ರೆ ಊಹೆಗೆ ಕಂಪ್ಯೂಟರ್ ಕೂಡ ಬೇಕಾಗಿಲ್ಲ.

ಲೆಡ್ಜರ್‌ನಲ್ಲಿ ಇಲ್ಲದ ವರ್ಷಗಳು

ಹಳೇದು ನೋಡಿ ಮುಂದಿನದು ಹೇಳೋ ಯಾವುದಕ್ಕೂ ಒಂದು ಮಿತಿ ಇದೆ. ಹಿಂದೆ ಆಗದೇ ಇದ್ದದ್ದು ಮುಂದೆ ಆದರೆ?

2021ರ ಜನವರಿ 21ರ ರಾತ್ರಿ ನೆನಪಿದೆಯಲ್ಲ. ಹುಣಸೋಡು ಸ್ಫೋಟದ ಸದ್ದಿಗೆ ಭೂಕಂಪ ಅಂದುಕೊಂಡು ಊರಿಗೆ ಊರೇ ಬೀದಿಗೆ ಬಂದಿತ್ತು. ಜೀವಗಳು ಹೋದವು. ಆಮೇಲೆ ಕ್ವಾರಿ, ಕ್ರಷರ್‌ಗಳ ಮೇಲೆ ತಪಾಸಣೆ ಬಿಗಿಯಾಯಿತು. ಅಂಥ ಹೊತ್ತಲ್ಲಿ ಜಲ್ಲಿ ಲೋಡ್ ಸಿಗೋದು, ಸಿಕ್ಕರೂ ಹಳೇ ರೇಟ್‌ಗೆ ಸಿಗೋದು ಎಷ್ಟು ಕಷ್ಟ ಅಂತ ಕೆಲಸ ಮಾಡಿಸೋರಿಗೆ ಗೊತ್ತು. 2020ರವರೆಗಿನ ಲೆಕ್ಕ ಓದಿದ ಯಂತ್ರಕ್ಕೆ ಹುಣಸೋಡು ಅನ್ನೋದು ಒಂದು ಊರಿನ ಹೆಸರು ಅಷ್ಟೇ.

ಅದರ ಹಿಂದೆಯೇ ಕಬ್ಬಿಣ. 2021ರಿಂದ 2022ರ ಬೇಸಿಗೆವರೆಗೆ ಕಬ್ಬಿಣದ ದರ ಯಾವ ಪರಿ ಏರಿತು ಅಂದ್ರೆ, ಬೆಲೆ ಇಳಿಸೋಕೆ ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಉಕ್ಕಿನ ರಫ್ತಿಗೇ ಸುಂಕ ಹಾಕಬೇಕಾಯಿತು. ನವೆಂಬರ್‌ನಲ್ಲಿ ತೆಗೆಯಿತು. ವರ್ಷದೊಳಗೆ ಮುಗಿಸೋ ಸಣ್ಣ ಕಾಮಗಾರಿಗಳಿಗೆ ಸಾಮಾನ್ಯವಾಗಿ ದರ ಹೊಂದಾಣಿಕೆ ಇರಲ್ಲ, ಹಿಡಿದ ರೇಟ್‌ಗೇ ಮುಗಿಸಬೇಕು. ಅದೇ ವರ್ಷ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಹೋಯಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅಂದ್ರೆ ಲೆಡ್ಜರ್‌ನ ‘ಸಿಮೆಂಟ್ ದರ’ ಅನ್ನೋ ಕಾಲಂಗೆ ಆ ದಿನದ ಹಿಂದೆ ಒಂದು ಅರ್ಥ, ಮುಂದೆ ಇನ್ನೊಂದು ಅರ್ಥ.

ಮಲೆನಾಡಿನ ಲೆಕ್ಕ ಇನ್ನೂ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಮಣ್ಣು ಕೆಲಸ ಮಾಡೋ ಹಾಗಿಲ್ಲ. ನಮಗೆ ಸಿಗೋದೇ ಮಳೆ ನಿಂತ ಮೇಲಿನ ಕೆಲವು ತಿಂಗಳು. ಅದರಲ್ಲೂ ಮಾರ್ಚ್, ಏಪ್ರಿಲ್, ಮೇ ಚಿನ್ನದಂಥ ದಿನಗಳು. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ನೀತಿ ಸಂಹಿತೆ ಬಂತು. ಸರ್ಕಾರ ಬದಲಾಯಿತು, ಮೇ ಕೊನೆಗೆ ಹಿಂದಿನ ಸರ್ಕಾರದ ಕಾಮಗಾರಿಗಳಿಗೂ ಬಿಲ್ಲುಗಳಿಗೂ ತಡೆ ಬಿತ್ತು. ಮರುವರ್ಷ 2024ರ ಮಾರ್ಚ್ 16ಕ್ಕೆ ಲೋಕಸಭೆ ನೀತಿ ಸಂಹಿತೆ, ನಮ್ಮಲ್ಲಿ ಮತದಾನ ಮೇ 7ಕ್ಕೆ. ಎರಡು ವರ್ಷ ಒಂದರ ಹಿಂದೆ ಒಂದು ಬೇಸಿಗೆಯಲ್ಲಿ ಹೊಸ ಟೆಂಡರ್ ಇಲ್ಲ, ಆಮೇಲೆ ಮಳೆ. ಈ ಎರಡು ವರ್ಷದ ಲೆಕ್ಕ ಓದಿದ ಯಂತ್ರ ‘ಶಿವಮೊಗ್ಗದಲ್ಲಿ ಬೇಸಿಗೆ ಕೆಲಸಕ್ಕೆ ಆಗಲ್ಲ’ ಅಂತ ತೀರ್ಮಾನ ಮಾಡಿದರೆ ಅದನ್ನ ಬೈಯೋ ಹಾಗಿಲ್ಲ. ಪಾಪ, ಅದಕ್ಕೆ ಚುನಾವಣೆ ಗೊತ್ತಿಲ್ಲ.

ದೊಡ್ಡ ಕೆಲಸಗಳಲ್ಲಿ ಕೆಲಸವೇ ಬದಲಾಗುತ್ತೆ. ಸೋಗಾನೆ ವಿಮಾನ ನಿಲ್ದಾಣ ನೋಡಿ. 2008ರಲ್ಲಿ ಒಂದು ಸಲ ಶಂಕುಸ್ಥಾಪನೆ ಆಗಿ ನಿಂತುಹೋಗಿದ್ದು, 2020ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಆಗ ಕೇಳಿಬಂದ ಅಂದಾಜು 220 ಕೋಟಿ ರೂ. ಆಮೇಲೆ ದೊಡ್ಡ ವಿಮಾನ ಇಳಿಯಬೇಕು ಅಂತಾಯಿತು, ರನ್‌ವೇ 3,200 ಮೀಟರ್‌ಗೆ ಹೋಯಿತು. 2023ರ ಫೆಬ್ರುವರಿ 27ಕ್ಕೆ ಪ್ರಧಾನಿ ಉದ್ಘಾಟಿಸುವಾಗ ಖರ್ಚು ಸುಮಾರು 450 ಕೋಟಿ. ಇದು ಯಾರೋ ಲೆಕ್ಕ ತಪ್ಪಿದ್ದಲ್ಲ, ಬೇಕಾದ್ದೇ ಬೇರೆ ಆಯಿತು. ಇದು ನಮ್ಮ ಊರಿನ ಕಥೆ ಮಾತ್ರವೂ ಅಲ್ಲ. ಬೆಂಟ್ ಫ್ಲೀವ್‌ಬ್ಯೋರ್ ಅನ್ನೋ ಡೆನ್ಮಾರ್ಕ್ ಸಂಶೋಧಕರು 2002ರಲ್ಲಿ 258 ರಸ್ತೆ, ರೈಲು, ಸೇತುವೆ ಕಾಮಗಾರಿಗಳ ಲೆಕ್ಕ ತೆಗೆದಾಗ ಹತ್ತರಲ್ಲಿ ಒಂಬತ್ತು ಅಂದಾಜು ಮೀರಿದ್ದವು.

ಗೆದ್ದವ ಸೋತ

ಕೋರ್ಟ್ ವ್ಯಾಜ್ಯಕ್ಕೆ ನಮ್ಮಲ್ಲಿ ಒಂದು ಗಾದೆ ಇದೆ, ‘ಗೆದ್ದವ ಸೋತ, ಸೋತವ ಸತ್ತ’. ಇದರ ಮೊದಲರ್ಧ ಟೆಂಡರ್‌ಗೂ ಹೊಂದುತ್ತೆ.

ಐದು ಜನ ಒಂದೇ ಕೆಲಸಕ್ಕೆ ರೇಟ್ ಹಾಕ್ತಾರೆ. ಖರ್ಚು ನಿಜವಾಗಿ ಎಷ್ಟಾಗುತ್ತೆ ಅಂತ ಐವರಿಗೂ ಖಚಿತ ಇಲ್ಲ, ಒಬ್ಬ ಸ್ವಲ್ಪ ಜಾಸ್ತಿ ಅಂದಾಜು ಮಾಡಿರ್ತಾನೆ, ಒಬ್ಬ ಸ್ವಲ್ಪ ಕಡಿಮೆ. ಗೆಲ್ಲೋದು ಯಾರು? ಖರ್ಚನ್ನ ಎಲ್ಲರಿಗಿಂತ ಕಡಿಮೆ ಅಂದಾಜು ಮಾಡಿದವನು. ಅಂದ್ರೆ ಎಲ್ಲರಿಗಿಂತ ಹೆಚ್ಚು ತಪ್ಪಿರೋ ಸಾಧ್ಯತೆ ಇರೋದು ಅವನದ್ದೇ. 1971ರಲ್ಲಿ ಅಮೆರಿಕದ ಮೂವರು ತೈಲ ಕಂಪನಿ ಎಂಜಿನಿಯರ್‌ಗಳು ಮೆಕ್ಸಿಕೊ ಕೊಲ್ಲಿಯ ಹರಾಜುಗಳನ್ನ ನೋಡಿ ಇದನ್ನ ಬರೆದ್ರು. ಅಲ್ಲಿ ಹೆಚ್ಚು ಕೂಗಿದವನು ಗೆಲ್ತಾನೆ, ನಮ್ಮಲ್ಲಿ ಕಡಿಮೆ ಕೂಗಿದವನು. ಕಥೆ ಒಂದೇ. ತೀರಾ ಕಡಿಮೆಗೆ ಹಾಕಿದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳೋ ಷರತ್ತು ಟೆಂಡರ್‌ಗಳಲ್ಲಿ ಇರೋದು ಇದಕ್ಕೇ.

ಕಂಪ್ಯೂಟರ್ ಬಂದ್ರೆ ಇದು ಸರಿ ಹೋಗುತ್ತಾ? ಎಲ್ಲ ಐವರೂ ಒಂದೊಂದು ಸಾಫ್ಟ್‌ವೇರ್ ಕೊಂಡರೆ, ಎಲ್ಲಕ್ಕಿಂತ ಆಶಾವಾದಿ ಸಾಫ್ಟ್‌ವೇರ್ ಇರೋನು ಟೆಂಡರ್ ಹಿಡೀತಾನೆ. ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಕುರುಡು ಜಾಗ ಇದೆ. ಗುತ್ತಿಗೆದಾರರ ಲೆಡ್ಜರ್‌ನಲ್ಲಿ ಇರೋದು ಅವರು ಗೆದ್ದ ಕೆಲಸ ಮಾತ್ರ. ಕೈತಪ್ಪಿದ ಕೆಲಸದಲ್ಲಿ ಲಾಭ ಇತ್ತಾ ಇಲ್ಲವಾ ಅಂತ ಅವರಿಗೂ ಗೊತ್ತಿಲ್ಲ, ಅವರ ಯಂತ್ರಕ್ಕೂ ಗೊತ್ತಿಲ್ಲ.

ದುಡ್ಡು, ಜನ, ಡೇಟಾ ಮೂರೂ ಬೇಕಾದಷ್ಟಿದ್ದ ಕಂಪನಿ ಕೂಡ ಇದರಲ್ಲಿ ಕೈ ಸುಟ್ಟುಕೊಂಡಿದೆ. ಅಮೆರಿಕದ ಜಿಲೋ ಕಂಪನಿ ಕಂಪ್ಯೂಟರ್ ಹೇಳಿದ ಬೆಲೆಗೆ ಮನೆಗಳನ್ನ ಕೊಂಡು, ರಿಪೇರಿ ಮಾಡಿ, ಲಾಭಕ್ಕೆ ಮಾರೋ ವ್ಯವಹಾರ ಶುರು ಮಾಡಿತ್ತು. ಲಕ್ಷಾಂತರ ಮನೆಗಳ ಲೆಕ್ಕ ಅವರ ಹತ್ತಿರ ಇತ್ತು. ಬೆಲೆ ಏರಿಳಿತ ಊಹಿಸೋಕೆ ಆಗ್ತಿಲ್ಲ ಅಂತ 2021ರ ನವೆಂಬರ್‌ನಲ್ಲಿ ಆ ವ್ಯವಹಾರವನ್ನೇ ಮುಚ್ಚಿತು. ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತ್ತು. ಸಿಬ್ಬಂದಿಯಲ್ಲಿ ಕಾಲು ಭಾಗ ಮನೆಗೆ ಹೋದ್ರು.

ಯಂತ್ರ ಆಗಲೇ ಬ್ಯಾಂಕ್‌ನಲ್ಲಿ ಕೂತಿದೆ

ಹಾಗಾದ್ರೆ ಇದೆಲ್ಲ ನಮಗೆ ಬೇಡದ ಉಸಾಬರಿ ಅಂತ ಬಿಟ್ಟುಬಿಡಬಹುದಾ? ಆಗಲ್ಲ. ಗುತ್ತಿಗೆದಾರರು ಕೊಂಡ್ಕೊಳ್ಳಲಿ ಬಿಡಲಿ, ಅವರನ್ನ ಅಳೆಯೋ ಯಂತ್ರ ಬೇರೆ ಕಡೆ ಕೆಲಸ ಶುರು ಮಾಡಿದೆ.

2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಒಂದು ಮಾತು ಹೇಳಿತು. ಸಣ್ಣ ಉದ್ಯಮಗಳಿಗೆ ಸಾಲ ಕೊಡುವಾಗ ಸರ್ಕಾರಿ ಬ್ಯಾಂಕ್‌ಗಳು ಹಳೇ ರೀತಿ ಆಸ್ತಿ, ವಹಿವಾಟು ಅಷ್ಟನ್ನೇ ನೋಡದೆ, ಡಿಜಿಟಲ್ ದಾಖಲೆ ನೋಡಿ ತೀರ್ಮಾನಿಸೋ ಸ್ವಂತ ವ್ಯವಸ್ಥೆ ಮಾಡಿಕೊಳ್ಳಬೇಕು ಅಂತ. 2025ರ ಮಾರ್ಚ್‌ನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಜಿಎಸ್‌ಟಿ ರಿಟರ್ನ್ಸ್, ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಸ್ಕೋರ್ ಎಲ್ಲವನ್ನೂ ಕಂಪ್ಯೂಟರ್ ಓದುತ್ತೆ. ಆಸ್ತಿ ಪತ್ರ ಇಲ್ಲದ ಸಣ್ಣೋರಿಗೆ ಇದು ಒಳ್ಳೇದೇ.

ಆದ್ರೆ ಮೇಲಿನ ಚರಂಡಿ ಗುತ್ತಿಗೆದಾರರನ್ನ ಆ ಕಂಪ್ಯೂಟರ್ ಕಣ್ಣಿಂದ ನೋಡಿ. ರಿಟರ್ನ್ಸ್‌ನಲ್ಲಿ ಪ್ರತಿ ವರ್ಷ ಅದೇ ಎಂಟು ಪರ್ಸೆಂಟ್. ಖಾತೆಗೆ ಹತ್ತು ತಿಂಗಳು ಏನೂ ಬಂದಿಲ್ಲ. ಓಡಿ ಮಿತಿ ತುದಿಗೆ ಮುಟ್ಟಿದೆ. ಒಂದೆರಡು ಚೆಕ್ ಬೌನ್ಸ್ ಆಗಿವೆ. ಒಂದು ದಿನ ಇದ್ದಕ್ಕಿದ್ದಂತೆ 40 ಲಕ್ಷ ಬಂತು, ಮೂರು ದಿನದಲ್ಲಿ ಖಾಲಿ ಆಯ್ತು, ಯಾಕಂದ್ರೆ ಅಂಗಡಿ ಬಾಕಿ, ಕೂಲಿ ಬಾಕಿ ತೀರಿಸಿದ್ರು. ಪ್ರಾಮಾಣಿಕ ಮನುಷ್ಯ. ಕಂಪ್ಯೂಟರ್‌ಗೆ ಕಾಣೋದು ಶಿಸ್ತಿಲ್ಲದ ಗಿರಾಕಿ. ತಡ ಮಾಡಿದ್ದು ಇಲಾಖೆ, ಅಂಕ ಕಳ್ಕೊಂಡಿದ್ದು ಗುತ್ತಿಗೆದಾರ. ಅವರಿಗೆ ಬ್ಯಾಂಕ್ ಬಾಗಿಲು ಹಾಕಿದರೆ ಅವರು ಮತ್ತೆ ಬರೋದು ಎಲ್ಲಿಗೆ? ರವೀಂದ್ರನಗರದಲ್ಲೋ ಭದ್ರಾವತಿಯಲ್ಲೋ ಇರೋ ಅದೇ ಹಾರ್ಡ್‌ವೇರ್ ಅಂಗಡಿ ಕೌಂಟರ್‌ಗೆ.

ಲೆಕ್ಕ ಇದೆ, ಬಾಗಿಲು ಅರ್ಧ ತೆರೆದಿದೆ

ಬೇಕಾದ ಮಾಹಿತಿ ಎಲ್ಲೂ ಇಲ್ಲ ಅಂತ ಅಲ್ಲ. ಟೆಂಡರ್ ಕಡೆಯ ಅರ್ಧ ಲೆಡ್ಜರ್ ಸರ್ಕಾರದ ಕೆಪಿಪಿಪಿ ಪೋರ್ಟಲ್‌ನಲ್ಲಿದೆ. ಯಾವ ಇಲಾಖೆ, ಅಂದಾಜು ಎಷ್ಟು, ಯಾರಿಗೆ ಹೋಯಿತು ಅನ್ನೋದೆಲ್ಲ. ಬಿಲ್ಲು ಪಾವತಿ ಕಡೆಯ ಅರ್ಧ ಖಜಾನೆ-2 ವ್ಯವಸ್ಥೆಯಲ್ಲಿದೆ. ಪಂಚಾಯತ್ ರಾಜ್ ಇಲಾಖೆಗೆ ಕಾಮಗಾರಿ, ಬಿಲ್ಲು ದಾಖಲಿಸೋಕೆ ‘ಗಾಂಧಿ ಸಾಕ್ಷಿ ಕಾಯಕ’ ಅನ್ನೋ ತಂತ್ರಾಂಶ ಇದೆ. ಎಂಬಿ ಬರೆದ ದಿನ ಒಂದು, ಹಣ ಖಾತೆಗೆ ಬಿದ್ದ ದಿನ ಇನ್ನೊಂದು. ಈ ಎರಡರ ನಡುವಿನ ದಿನಗಳನ್ನ ಇಲಾಖೆವಾರು, ತಾಲೂಕುವಾರು ತಿಂಗಳಿಗೊಮ್ಮೆ ಪ್ರಕಟಿಸಿದರೆ ಸಾಕು. ಯಾರ ಹೆಸರೂ ಬೇಡ. ‘ಈ ವಿಭಾಗದಲ್ಲಿ ಬಿಲ್ಲು ಸರಾಸರಿ ಇಷ್ಟು ದಿನಕ್ಕೆ ಬರುತ್ತೆ, ತಡ ಆದ್ರೆ ಇಷ್ಟರವರೆಗೆ ಹೋಗುತ್ತೆ’ ಅಂತ ಎರಡು ಸಂಖ್ಯೆ. ಗುತ್ತಿಗೆದಾರರು ಅದನ್ನ ರೇಟ್‌ನಲ್ಲಿ ಸೇರಿಸ್ತಾರೆ, ಅಂಗಡಿಯವರು ಉದ್ರಿ ಮಿತಿಯಲ್ಲಿ ಸೇರಿಸ್ತಾರೆ, ಬ್ಯಾಂಕ್ ಕಂಪ್ಯೂಟರ್‌ಗೂ ತಪ್ಪು ಯಾರದ್ದು ಅಂತ ತಿಳಿಯುತ್ತೆ. ನವುಲೆಯ ಜೆಎನ್‌ಎನ್‌ಸಿಇಯಂಥ ಕಾಲೇಜಿನ ಹುಡುಗರಿಗೆ ಇಷ್ಟು ಡೇಟಾ ಸಿಕ್ಕರೆ ಕೊನೆ ವರ್ಷದ ಪ್ರಾಜೆಕ್ಟ್‌ನಲ್ಲಿ ಬಿಲ್ಲು ದಿನ ಊಹಿಸೋ ಮಾದರಿ ಮಾಡಿಬಿಡ್ತಾರೆ. ಅದು ಲಾಭ ಊಹಿಸೋದಕ್ಕಿಂತ ಸುಲಭ, ನಮ್ಮ ಊರಿಗೆ ಹೆಚ್ಚು ಉಪಯೋಗ.

ಸರ್ಕಾರ ಕೊಡೋವರೆಗೆ ಕಾಯಬೇಕು ಅಂತೇನೂ ಇಲ್ಲ. ಈ ಮಾಹಿತಿಯ ಒಂದು ತುಂಡು ಪ್ರತಿ ಸಿಮೆಂಟ್, ಕಬ್ಬಿಣ, ಪೈಪ್, ಟೈಲ್ಸ್ ಅಂಗಡಿಯಲ್ಲಿದೆ. ಉದ್ರಿ ಪುಸ್ತಕದಲ್ಲಿ ಈಗ ಹೆಸರು, ಮೊತ್ತ, ತಾರೀಖು ಇರುತ್ತೆ. ಅದಕ್ಕೆ ಮೂರು ಕಾಲಂ ಸೇರಿಸಿ. ಮಾಲು ಹೋಗಿದ್ದು ಖಾಸಗಿ ಮನೆಗಾ, ಸರ್ಕಾರಿ ಕೆಲಸಕ್ಕಾ? ಸರ್ಕಾರಿ ಆದ್ರೆ ಯಾವ ಇಲಾಖೆ? ದುಡ್ಡು ಪೂರ್ತಿ ಬಂದಿದ್ದು ಎಷ್ಟನೇ ದಿನಕ್ಕೆ? ಒಂದು ಅಂಗಡಿಯಲ್ಲಿ ವರ್ಷಕ್ಕೆ ಐವತ್ತು ಅರವತ್ತು ಸಾಲು ಆಗಬಹುದು. ಹತ್ತು ಅಂಗಡಿಯವರು ಹೆಸರು ಅಳಿಸಿ ಒಟ್ಟಿಗೆ ಇಟ್ಟರೆ ಐನೂರು ದಾಟುತ್ತೆ. ಮೇಸ್ತ್ರಿಯ ತಲೆಯಲ್ಲಿರೋ ಲೆಕ್ಕದ ಹಾಗೆ ಇದು ಒಬ್ಬರ ಜೊತೆ ಹೋಗಿಬಿಡಲ್ಲ.

ಮಳೆಗಾಲದಲ್ಲಿ ಸೈಟ್‌ಗಳು ನಿಂತಾಗ ಕೌಂಟರ್‌ನಲ್ಲಿ ಪುರುಸೊತ್ತು ಇರುತ್ತೆ. ಹಿಂದಿನ ಎರಡು ವರ್ಷದ ಬಿಲ್ಲಿನ ಕಟ್ಟು ಬಿಚ್ಚಿ, ಆ ಮೂರನೇ ಕಾಲಂ ತುಂಬೋಕೆ ನಾಲ್ಕು ಮಧ್ಯಾಹ್ನ ಸಾಕು. ಅಕ್ಟೋಬರ್‌ನಲ್ಲಿ ಕೆಲಸ ಶುರುವಾಗಿ ಗುತ್ತಿಗೆದಾರರು ‘ಇನ್ನೂರು ಚೀಲ ಕಳ್ಸಿ, ಬಿಲ್ ಆದ್ಮೇಲೆ ಕೊಡ್ತೀನಿ’ ಅಂತ ಫೋನ್ ಮಾಡಿದಾಗ, ಯಾವ ಇಲಾಖೆ ಕೆಲಸ ಅಂತ ಮೊದಲು ಕೇಳಿ, ಪುಸ್ತಕ ತೆಗೆದು ನೋಡಿ, ಆಮೇಲೆ ರೇಟ್ ಹೇಳಬಹುದು.